ಪ್ಲೇಟ್‌ಲೆಟ್ ಧೂಳು, ಬಳ್ಳಾರಿ ಧೂಳು: ರಕ್ತದಿಂದ ಇವಿ (ಕೋಶಗಳು ಹೊರಬಿಡುವ ಕಿರುಚೀಲ) ಬೇರ್ಪಡಿಸಿದ ನನ್ನ ಅನುಭವ

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಳಚಿದ ಕಿರುಕಣಗಳಿಗೆ 1967ರಲ್ಲಿ ಸಂಶೋಧಕ ಪೀಟರ್ ವೂಲ್ಫ್ ‘ಪ್ಲೇಟ್‌ಲೆಟ್ ಧೂಳು’ ಎಂದರು. ಬಳ್ಳಾರಿಯ ಲ್ಯಾಬಿನಲ್ಲಿ ಕೂತವರಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಇಲ್ಲಿ ಅಸಲಿ ಧೂಳೂ ಆ ಕಿರುಕಣಗಳ ಎಣಿಕೆಯೊಳಗೆ ನುಗ್ಗುತ್ತದೆ.

ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಪೊರೆ ಸುತ್ತಿದ ಕಿರುಚೀಲಗಳನ್ನು ಹೊರಬಿಡುತ್ತವೆ. ಕೋಶದ ಒಳಗೇ ತಯಾರಾಗಿ ಹೊರಬರುವ ಎಕ್ಸೋಸೋಮ್ ಸುಮಾರು 30–150 ನ್ಯಾನೋಮೀಟರ್. ಹೊರಪೊರೆಯಿಂದಲೇ ಮೊಗ್ಗಿನಂತೆ ಒಡೆದು ಬೀಳುವ ಮೈಕ್ರೋವೆಸಿಕಲ್ 100ರಿಂದ 1000. ಅಳತೆ ಒಂದರ ಮೇಲೊಂದು ಹಾಯುವುದರಿಂದ, ಬೇರ್ಪಡಿಸಿದ ಮೇಲೆ ಯಾವುದು ಎಲ್ಲಿ ಹುಟ್ಟಿತೆಂದು ಹೇಳಲಾಗದು. ಅದಕ್ಕೇ ನಾವು ಎಕ್ಸೋಸೋಮ್ ಎನ್ನದೆ ಎಲ್ಲಕ್ಕೂ ಸೇರಿಸಿ ‘ಇವಿ’ (ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್, ಕೋಶದ ಹೊರಗಿನ ಚೀಲ) ಎನ್ನುತ್ತೇವೆ.

ಕೆಲಸ ಕೆಡುವುದು ಹೆಚ್ಚಾಗಿ ರಕ್ತ ತೆಗೆಯುವ ಕುರ್ಚಿಯಲ್ಲಿ. 10–12 ಗಂಟೆ ಉಪವಾಸ ಬೇಕು. ಬೆಳಿಗ್ಗೆ ಒಗ್ಗರಣೆ–ಮಿರ್ಚಿ ತಿಂದು ಬಂದವರ ಪ್ಲಾಸ್ಮಾ (ರಕ್ತಕಣ ತೆಗೆದ ದ್ರವ) ಮಜ್ಜಿಗೆಯಂತೆ ಮಬ್ಬಾಗಿರುತ್ತದೆ. ಆ ಮಬ್ಬು ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣಗಳದ್ದು. ಗಾತ್ರ ಇವಿಯಷ್ಟೇ ಇರುವುದರಿಂದ ಯಂತ್ರ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಸೂಜಿ 21 ಗೇಜ್; ತೋಳಿನ ಪಟ್ಟಿ ಹೆಚ್ಚು ಹೊತ್ತು ಬಿಗಿದಿರಬಾರದು; ಮೊದಲ 2–3 ಮಿ.ಲೀ. ಬೇರೆ ಟ್ಯೂಬಿಗೆ. ಆಮೇಲೆ ನೀಲಿ ಮುಚ್ಚಳದ 3.2% ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲವಣ) ಟ್ಯೂಬು, ಗೆರೆಯವರೆಗೆ ಪೂರ್ತಿ. ಹೆಪಾರಿನ್ ಟ್ಯೂಬ್ ಬೇಡ, ಅದು ಮುಂದೆ ಪಿಸಿಆರ್ (ಆರ್‌ಎನ್‌ಎ, ಡಿಎನ್‌ಎ ಹೆಚ್ಚಿಸಿ ಅಳೆಯುವ ವಿಧಾನ) ಕೆಡಿಸುತ್ತದೆ.

ರಕ್ತ ಎಂದಕೂಡಲೇ ಐಸ್ ಡಬ್ಬಿಗೆ ಹಾಕುವುದು ಎಲ್ಲರ ರೂಢಿ. ಇಲ್ಲಿ ಅದೇ ತಪ್ಪು. ತಂಪಿಗೆ ಪ್ಲೇಟ್‌ಲೆಟ್ ಕೆರಳಿ, ಟ್ಯೂಬಿನೊಳಗೇ ಹೊಸ ಇವಿ ಉದುರಿಸುತ್ತದೆ. ಮೇ ತಿಂಗಳ 40 ದಾಟಿದ ಬಿಸಿಲಿಗೂ ಬಿಡುವಂತಿಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ 22 ಡಿಗ್ರಿಗೆ ತಂದ ನೀರಿನ ಬಾಟಲಿಗಳು, ನಡುವೆ ಟ್ಯೂಬು ನೆಟ್ಟಗೆ. ಟಂಟಂನಲ್ಲಿ ಕುಲುಕಿಸಿಕೊಂಡು ಬಂದ ಸ್ಯಾಂಪಲ್ ನಾವು ತೆಗೆದುಕೊಳ್ಳುವುದಿಲ್ಲ. ಕೊಪ್ಪಳ, ರಾಯಚೂರಿನಿಂದ ಬರಬೇಕಾದರೆ ರಕ್ತ ಬೇಡ. ಅಲ್ಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಕಣ ಬೇರ್ಪಡಿಸಿದ ಪ್ಲಾಸ್ಮಾವನ್ನು ಡ್ರೈ ಐಸಿನಲ್ಲಿ ಕಳಿಸಬೇಕು.

ಸೆಂಟ್ರಿಫ್ಯೂಜಿನಲ್ಲಿ 2500 ಜಿ (ಭೂಮಿಯ ಸೆಳೆತದ 2500 ಪಟ್ಟು), 15 ನಿಮಿಷ, ಎರಡು ಸಲ. ಬೇರೆಯವರ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನಕಲು ಮಾಡಬೇಡಿ: ರೋಟರ್ ತ್ರಿಜ್ಯ 10 ಸೆಂ.ಮೀ. ಇದ್ದರೆ ಇದು ಸುಮಾರು 4,730 ಸುತ್ತು, 16 ಸೆಂ.ಮೀ. ಇದ್ದರೆ 3,740. ನಮ್ಮ ಯಂತ್ರದ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇವೆ: ‘ಬ್ರೇಕ್ ಬಂದ್ ಮಾಡೀರೇನ್ರೀ?’ ಬ್ರೇಕ್ ಹಾಕಿ ನಿಲ್ಲಿಸಿದರೆ ಕೆಳಗೆ ಕೂತ ಪ್ಲೇಟ್‌ಲೆಟ್ ಮತ್ತೆ ಎದ್ದುಬಿಡುತ್ತದೆ. ಮೊದಲ ಸುತ್ತಿನಲ್ಲಿ ಬಿಳಿ ಪದರದ ಮೇಲೆ 1 ಸೆಂ.ಮೀ. ಪ್ಲಾಸ್ಮಾ ಬಿಟ್ಟುಬಿಡಿ, ಎರಡನೆಯದರಲ್ಲಿ ತಳದ 100 ಮೈಕ್ರೋಲೀಟರ್. ಇಲ್ಲಿ ಜಿಪುಣತನ ಮಾಡಿದರೆ ಉಳಿದ ಪ್ಲೇಟ್‌ಲೆಟ್ ಫ್ರೀಜರಿನಲ್ಲಿ ಒಡೆದು, ಕರಗಿಸಿದಾಗ ಇವಿ ‘ಹೆಚ್ಚಿದಂತೆ’ ತೋರುತ್ತದೆ. ಪ್ಲಾಸ್ಮಾದ 414 ನ್ಯಾನೋಮೀಟರ್ ಬೆಳಕು ಹೀರುವ ರೀಡಿಂಗ್ 0.2 ದಾಟಿದರೆ ಕೆಂಪು ರಕ್ತಕಣ ಒಡೆದಿದೆ ಎಂದು ಲೆಕ್ಕ. ಮೈಕ್ರೋ ಆರ್‌ಎನ್‌ಎ (ಜೀನ್ ಕೆಲಸ ಹತೋಟಿಯಲ್ಲಿಡುವ ಚಿಕ್ಕ ಆರ್‌ಎನ್‌ಎ) ನೋಡುವವರು ಅದನ್ನು ಚೆಲ್ಲುವುದೇ ಸರಿ, ಏಕೆಂದರೆ ಮಿರ್-451, ಮಿರ್-16 ಎಂಬ ಮೈಕ್ರೋ ಆರ್‌ಎನ್‌ಎ ಎರಡೂ ಕೆಂಪು ಕಣದಲ್ಲಿ ತುಂಬಿರುತ್ತವೆ.

1,00,000 ಜಿ ತಿರುಗಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಎಲ್ಲರ ಬಳಿ ಇರದು. ಇದ್ದರೂ ಪ್ಲಾಸ್ಮಾಗೆ ನನಗೆ ಕಾಲಂ (ಕಣಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಕೊಳವೆ) ಕಡೆಗೇ ಒಲವು. ಸೆಫರೋಸ್ ಸಿಎಲ್-2ಬಿ ಎಂಬ ಜೆಲ್ಲಿನ 20% ಆಲ್ಕೋಹಾಲನ್ನು ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಿಂದ ತೊಳೆದು, ತಳಕ್ಕೆ ನೈಲಾನ್ ಬಲೆ ಇಟ್ಟ ಸಿರಿಂಜಿನಲ್ಲಿ 10 ಮಿ.ಲೀ. ಮಟ್ಟಕ್ಕೆ ಕೂರಿಸಿ. 0.5 ಮಿ.ಲೀ. ಪ್ಲಾಸ್ಮಾ ಹಾಕಿ, 0.5 ಮಿ.ಲೀ.ನಂತೆ ಹಿಡಿಯುತ್ತ ಹೋಗಿ. ಮೊದಲ 3 ಮಿ.ಲೀ. ಖಾಲಿ, 7ರಿಂದ 10ನೇ ಟ್ಯೂಬಿನ ಆಸುಪಾಸಿನಲ್ಲಿ ಇವಿ, ಆಲ್ಬುಮಿನ್ ಪ್ರೋಟೀನ್ ಅದರ ಹಿಂದೆ. ಫ್ರಿಜ್ಜಿನಿಂದ ತೆಗೆದ ಪಿಬಿಎಸ್ ನೇರ ಸುರಿಯಬೇಡಿ. ನಮ್ಮ ಬೇಸಿಗೆಯ ಕೋಣೆಯಲ್ಲಿ ಅದು ಬಿಸಿಯಾಗುತ್ತ ಗಾಳಿ ಬಿಡುತ್ತದೆ, ಜೆಲ್ಲಿನೊಳಗೆ ಗುಳ್ಳೆ ನಿಂತು ದಾರಿ ಸೀಳುತ್ತದೆ. ಸೀಳಿದ ಕಾಲಂ ರಿಪೇರಿ ಆಗುವುದಿಲ್ಲ, ಮತ್ತೆ ತುಂಬಬೇಕು.

ಗುರುತಿಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸುವ ಪರೀಕ್ಷೆ): ಇವಿ ಪೊರೆಯ ಸಿಡಿ9 ಅಥವಾ ಸಿಡಿ63 ಪ್ರೋಟೀನ್, ಜೊತೆಗೆ ಒಳಗಿನ ಟಿಎಸ್‌ಜಿ101. ಕಲಬೆರಕೆ ಎಷ್ಟಿದೆ ಎಂದು ತಿಳಿಯಲು ಕೊಬ್ಬಿನ ಕಣಗಳಲ್ಲಿರುವ ಅಪೋ-ಬಿ ಪ್ರೋಟೀನ್.

ಇಷ್ಟೆಲ್ಲ ಯಾಕೆ ಎಂದರೆ, ಚೀಲದೊಳಗೆ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶಕ್ಕೆ ತಲುಪುತ್ತದೆ ಎಂದು 2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್ವಾಲ್ ತಂಡ ತೋರಿಸಿತು. ಗಡ್ಡೆ ಕೊಯ್ಯದೆ ಗಡ್ಡೆಯ ಸುದ್ದಿ ರಕ್ತದಲ್ಲೋ ಮೂತ್ರದಲ್ಲೋ ಹಿಡಿಯುವ ಆಸೆ ಅಲ್ಲಿಂದ ಬೆಳೆಯಿತು. ಪ್ರಾಸ್ಟೇಟ್‌ಗೆ ಅಂಥ ಮೂತ್ರ ಪರೀಕ್ಷೆ ಅಮೆರಿಕದಲ್ಲಿ ಬಳಕೆಯಲ್ಲಿದೆ. ಔಷಧಿಯಾಗಿ ಚುಚ್ಚುವ ಮಾತು ಬೇರೆ. ಮಾನ್ಯತೆ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಿತ್ತು. ಕೂದಲಿಗೆ, ಮೊಗದ ಹೊಳಪಿಗೆ ಎಂದು ಮಾರುವ ಸೀಸೆಯನ್ನು ಯಾರಾದರೂ ತೋರಿಸಿದರೆ, ಅದರ ಬ್ಲಾಟ್ ಎಲ್ಲಿ ಎಂದು ನಾನು ಕೇಳುತ್ತೇನೆ.

ಇನ್ನು ಧೂಳಿನ ವಿಷಯ. ಪಿಬಿಎಸ್ ಅನ್ನು ಅದೇ ದಿನ 0.1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಬರೀ ಪಿಬಿಎಸ್ಸನ್ನೇ ಮೊದಲು ಎಣಿಸಿ. ಆಮೇಲೆ ಸ್ಯಾಂಪಲ್‌ನ ಒಂದು ಪಾಲಿಗೆ 0.1% ಟ್ರೈಟಾನ್ (ಪೊರೆ ಕರಗಿಸುವ ಸೋಪಿನಂಥ ರಾಸಾಯನಿಕ) ಹಾಕಿ ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿ. ಪೊರೆ ಇರುವುದು ಕರಗಿ ಎಣಿಕೆ ಕುಸಿಯಬೇಕು. ಕುಸಿಯದೆ ಹಾಗೇ ನಿಂತರೆ ನೀವು ಎಣಿಸಿದ್ದು ಪ್ರೋಟೀನ್ ಗಂಟು, ಇಲ್ಲವೇ ಕಿಟಕಿಯಿಂದ ಬಂದ ಅದಿರಿನ ಧೂಳು.