ಗೋಣಿತಟ್ಟು, ಪುಟ್ಟಿ, ಖಣದ ಚಿಂದಿಯಿಂದ ಉಬ್ಬುಚಿತ್ರ

ಉಬ್ಬುತಗ್ಗಿನ ಅಮೂರ್ತ ಚಿತ್ರಕ್ಕೆ ಪೇಟೆಯ ಕ್ಯಾನ್ವಾಸ್ ತರಬೇಡಿ. ಗೋಡೆಗೆ ಹಚ್ಚುವ ಪುಟ್ಟಿಯ ಭಾರಕ್ಕೆ ಅದು ಜೋತುಬೀಳುತ್ತದೆ, ಮೇಲಿನ ಪದರ ಬಿರಿಯುತ್ತದೆ. ಬಡಗಿಯ ಹತ್ತಿರ ಉಳಿದ 12 ಎಂಎಂ ಪ್ಲೈವುಡ್ ತುಂಡು, ಎರಡಡಿ ಚೌಕದ್ದಾದರೆ ಸಾಕು. ಸನ್‌ಮೈಕಾ ಇದ್ದದ್ದು ಬೇಡ, ಆ ನುಣುಪಿನ ಮೇಲೆ ಏನೂ ಹಿಡಿಯುವುದಿಲ್ಲ. 80 ನಂಬರಿನ ಪಾಲಿಶ್ ಕಾಗದದಿಂದ ಉಜ್ಜಿ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಎರಡೂ ಬದಿಗೆ ಬಳಿಯಿರಿ. ಹಿಂಬದಿ ಬಿಟ್ಟಿರೋ, ಹಲಗೆ ಸೊಟ್ಟಗಾಯಿತೆಂದೇ ತಿಳಿಯಿರಿ.

ಗೋಣಿತಟ್ಟನ್ನು ಸೋಪು ಹಾಕಿ ತೊಳೆದು ಒಣಗಿಸಿಯೇ ಬಳಸಬೇಕು. ಬೆಲ್ಲದ ಜಿಗುಟು ಉಳಿದರೆ ಇರುವೆ ಮುತ್ತುತ್ತವೆ, ಶೇಂಗಾದೆಣ್ಣೆ ಉಳಿದರೆ ಅಂಟು ಹಿಡಿಯದು. ಸಮಪಾಲು ಫೆವಿಕಾಲ್, ನೀರಿನಲ್ಲಿ ಅದ್ದಿ, ಹಲಗೆಯ ಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಕೂರಿಸಿ.

ಇನ್ನು ಪುಟ್ಟಿ. ಎಲ್ಲ ಕೆಡುವುದು ಇಲ್ಲೇ. ಗೋಡೆಗೆ ಹಚ್ಚುವ ಸಿಮೆಂಟ್ ಪುಟ್ಟಿ ಮೂರು ಪಾಲು, ಫೆವಿಕಾಲ್ ಒಂದು ಪಾಲು, ನೀರು ಸ್ವಲ್ಪಸ್ವಲ್ಪವೇ ಹಾಕಿ ಝುಣಕದ (ಕಡಲೆಹಿಟ್ಟಿನ ಗಟ್ಟಿ ಪಲ್ಯ) ಹದಕ್ಕೆ ಕಲಸಿ. ಒಂದು ಸಲಕ್ಕೆ 2–3 ಎಂಎಂ ದಪ್ಪ, ಹೆಚ್ಚು ಬೇಡ. ಮುಂದಿನ ಪದರ ಮರುದಿನವೇ. ಬಾಗಲಕೋಟೆಯ ಬೇಸಿಗೆಯಲ್ಲಿ ಬೇಗ ಒಣಗಲೆಂದು ಮಾಳಿಗೆ ಮೇಲೆ ಇಟ್ಟರೆ ಮೇಲ್ಭಾಗ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಅದು ಕುಗ್ಗಿದಾಗ ಬಿರುಕು ಬಿಡುತ್ತದೆ. ಪಡಸಾಲೆಯ ನೆರಳಲ್ಲಿ, ಫ್ಯಾನಿನ ಗಾಳಿ ತಾಗದಂತೆ ಇಡಿ. ಕೂದಲೆಳೆಯ ಬಿರುಕಿಗೆ ಹೆದರಬೇಡಿ, ಬಣ್ಣ ಇಳಿದಾಗ ಅದೇ ಚೆಂದ. ಉಗುರು ತೂರುವಂಥದ್ದಾದರೆ ಮಾತ್ರ ಕೆರೆದು ಮತ್ತೆ ಹಚ್ಚಿ.

ಪುಟ್ಟಿ ಹಸಿ ಇರುವಾಗಲೇ ಬಾದಾಮಿ ಕಡೆಯ ಕೆಂಪುಕಲ್ಲಿನ ಪುಡಿಯನ್ನು ಜರಡಿ ಹಿಡಿದು ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ, ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ದರ್ಜಿ ಅಂಗಡಿಯ ಗುಳೇದಗುಡ್ಡ ಖಣದ (ರವಿಕೆ ಬಟ್ಟೆ) ಚಿಂದಿ ಹಚ್ಚುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಪುಟ್ಟಿಯನ್ನೂ ಕೆಡಿಸುತ್ತದೆ. ಖಣಕ್ಕೆ ಮೇಲೆ ಬಣ್ಣ ಬಳಿಯುವುದು ನನಗೆ ಸರಿಬರುವುದಿಲ್ಲ, ಆ ನೇಯ್ಗೆಯೇ ಕಾಣಬೇಕು.

ಉಳಿದ ಡಿಸ್ಟೆಂಪರಿಗೆ ರೆಡ್ ಆಕ್ಸೈಡ್ ಬೆರೆಸಿ ಮೊದಲ ಬಣ್ಣ ಕೊಡಿ. ಅದು ಒಣಗಿದ ಮೇಲೆ ನೀರಾದ ಕಪ್ಪು ಬಣ್ಣ ಬಳಿದು, ಎರಡು ನಿಮಿಷದೊಳಗೆ ಒದ್ದೆ ಬಟ್ಟೆಯಿಂದ ಒರೆಸಿ. ಕಪ್ಪು ತಗ್ಗಿನಲ್ಲಷ್ಟೇ ನಿಲ್ಲುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್. ಅದರ ಬದಲು ಫೆವಿಕಾಲ್ ನೀರು ಬಳಿದರೆ ಮಳೆಗಾಲದಲ್ಲಿ ಅಂಟಂಟಾಗುತ್ತದೆ.

ಪುಟ್ಟಿ ಕಲಸಿದ ಬೋಗುಣಿ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪಿನಲ್ಲಿ ಕಲ್ಲಾಗುತ್ತದೆ.