ಊರಿನ ಹಳೆ ಆಟಗಾರರ ಬಗ್ಗೆ ಬರೆಯುವುದು ಹೇಗೆ? ರಾನ್ ಬರಾಸಿಯನ್ನು ನೋಡಿ ಕಲಿಯಿರಿ

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಹಿಂದೆ ಕಬಡ್ಡಿಯೋ ಫುಟ್‌ಬಾಲೋ ಆಡಿ, ಆಮೇಲೆ ಹುಡುಗರಿಗೆ ಕಲಿಸಿದ ಅಜ್ಜಂದಿರ ಬಗ್ಗೆ ಬರೆಯಲು ಕೂತರೆ "ಒಳ್ಳೆ ಆಟಗಾರ, ಸರಳ ಮನುಷ್ಯ" ಅಂತ ಎರಡು ಸಾಲಿಗೆ ನಿಂತುಬಿಡುತ್ತೇವೆ. ಅದು ಸಾಲದು. ನಾನು ಎದುರಿಗೆ ಇಟ್ಟುಕೊಳ್ಳುವುದು ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ, ಕೋಚ್ ರಾನ್ ಬರಾಸಿಯ ಬದುಕನ್ನು. ಅಲ್ಲಿನ ಫುಟ್‌ಬಾಲ್ ಬೇರೆಯೇ: ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 18 ಜನ, ಗೋಲಿಗೆ 6 ಅಂಕ.

ಮೊದಲು ಆಡಿದ ವರ್ಷ, ಕಲಿಸಿದ ವರ್ಷ ಬೇರೆ ಬೇರೆ ಬರೆದಿಡಿ. ಬರಾಸಿ 1953ರಿಂದ 1964ರವರೆಗೆ ಮೆಲ್ಬೋರ್ನ್ ತಂಡಕ್ಕೆ 204 ಪಂದ್ಯ ಆಡಿದರು, 6 ಸಲ ಫೈನಲ್ ಗೆದ್ದರು. 1965ರಲ್ಲಿ ಎದುರಾಳಿ ತಂಡ ಕಾರ್ಲ್ಟನ್‌ಗೆ ಹೋಗಿ ಆಟಗಾರನೂ ಕೋಚೂ ಆದರು. ಹೀಗೆ ಎರಡೂ ಸೇರುವ ವರ್ಷಗಳಲ್ಲೇ ಗೊಂದಲ ಜಾಸ್ತಿ, ಎರಡೆರಡು ಸಲ ಕೇಳಿ.

ಯಾರು ಬೆಳೆಸಿದರು ಅಂತಲೂ ಕೇಳಲೇಬೇಕು. ಬರಾಸಿಯ ಅಪ್ಪ ಕೂಡ ಮೆಲ್ಬೋರ್ನ್ ಆಟಗಾರ, ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ ಲಿಬಿಯಾದ ಟೋಬ್ರುಕ್‌ನಲ್ಲಿ ಸತ್ತರು. ಹುಡುಗನನ್ನು ಮನೆಯಲ್ಲಿಟ್ಟುಕೊಂಡವರು ಅಪ್ಪನ ಜೊತೆಗಾರ ನಾರ್ಮ್ ಸ್ಮಿತ್, ಮುಂದೆ ಮೆಲ್ಬೋರ್ನ್ ತಂಡದಲ್ಲಿ ಅವರೇ ಬರಾಸಿಯ ಕೋಚ್. ಇದು ಗೊತ್ತಿಲ್ಲದಿದ್ದರೆ 1965ರಲ್ಲಿ ತಂಡ ಬಿಟ್ಟದ್ದು ಎಷ್ಟು ದೊಡ್ಡ ವಿಷಯ ಅಂತ ಓದುವವರಿಗೆ ತಿಳಿಯುವುದೇ ಇಲ್ಲ, ಅಲ್ವಾ?

ಒಂದೇ ಒಂದು ಪಂದ್ಯವನ್ನು ಮಾತ್ರ ಪೂರ್ತಿ ಬರೆಯಿರಿ. ಬರಾಸಿಗೆ ಅದು 1970ರ ಫೈನಲ್: 1,21,696 ಜನ ನೋಡುತ್ತಿದ್ದರು, ಹಾಫ್ ಟೈಮ್‌ಗೆ ಕಾರ್ಲ್ಟನ್ 44 ಅಂಕ ಹಿಂದೆ ಇತ್ತು, ಕೋಚ್ ಬರಾಸಿ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಓಡಿ ಅಂದರು, ಕೊನೆಗೆ 10 ಅಂಕದಿಂದ ಗೆದ್ದರು. ನಿಮ್ಮ ಅಜ್ಜನಿಗೂ ಅಂಥದ್ದೊಂದು ಪಂದ್ಯ ಇದ್ದೇ ಇರುತ್ತದೆ. ಅವಸರ ಮಾಡದೆ ಕೇಳಿಸಿಕೊಳ್ಳಿ.

ನಮ್ಮ ಕಡೆಗೆ ಮಾತ್ರ ಇರುವ ತೊಡಕು ಒಂದಿದೆ. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕೇರಳ, 1984ರಲ್ಲಿ ಕಾಸರಗೋಡು ಜಿಲ್ಲೆ ಆಗುವವರೆಗೆ ಕಣ್ಣೂರಿನ ಜೊತೆ. ಮನೆ ಬದಲಿಸದೆಯೇ ಒಬ್ಬರ ರಾಜ್ಯ ಬದಲಾಯಿತು! ಹಾಗಾಗಿ 1955ರ ಸರ್ಟಿಫಿಕೇಟಿನಲ್ಲಿ ಕೇರಳ ಹುಡುಕಬೇಡಿ, ಮಂಗಳೂರು ಕಡೆಯ ಹಳೆ ಪತ್ರಿಕೆ ನೋಡಿ. ನಂತರದ ಕಾಗದ ಮಲಯಾಳದಲ್ಲಿದ್ದರೆ ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಜ್ಜ ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ರೆಕಾರ್ಡ್ ಮಾಡಿ, ಕನ್ನಡಕ್ಕೆ ಆಮೇಲೆ ತರಬಹುದು. ತಂಡದ ಫೋಟೋ ಸಿಕ್ಕಿದರೆ ಅವತ್ತೇ, ಅವರೆದುರೇ, ನಿಂತ ಸಾಲಿನ ಎಡದಿಂದ ಶುರುಮಾಡಿ ಒಬ್ಬೊಬ್ಬರ ಹೆಸರನ್ನೂ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.