ಹಳೇ ಯುವಿ ಯಂತ್ರದಲ್ಲೇ ಎರ್ಗೋಸ್ಟೆರಾಲ್ ಅಳೆದದ್ದು: ನನ್ನ ಅನುಭವ

ಹೋದ ಮಳೆಗಾಲದ ಒಂದು ಸಂಜೆ, ಧಾರವಾಡದ ನಮ್ಮ ಲ್ಯಾಬಿನಲ್ಲಿ ಆ ಗೆರೆ ಕೊನೆಗೂ ಸರಿಯಾಗಿ ಮೂಡಿತು. ಮಾದರಿ ಯುವಿ (ಅತಿನೇರಳೆ) ಬೆಳಕನ್ನು ಎಷ್ಟು ಹೀರಿತು ಎಂದು ತೋರಿಸುವ ಗೆರೆ: 271, 282, 293 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಮೂರು ಶಿಖರ, 262ರ ಬಳಿ ಒಂದು ಸಣ್ಣ ಉಬ್ಬು. ಶ್ವಾಸಕೋಶಕ್ಕೆ ರೋಗ ತರುವ ಬೂಜು ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್‌ನ ಎರ್ಗೋಸ್ಟೆರಾಲ್ ಅದು, ಬೂಜಿನ ಪೊರೆಯಲ್ಲಿರುವ ಕೊಬ್ಬಿನಂಥ ವಸ್ತು (ಸ್ಟೆರಾಲ್). ಬೂಜಿನ ಔಷಧಿ ಅದನ್ನು ಎಷ್ಟು ಇಳಿಸುತ್ತದೆ ಎಂದು ಅಳೆಯುವುದೇ ಈ ಕೆಲಸ. ಇಷ್ಟಕ್ಕೆ ಸುಮಾರು ಹದಿನಾಲ್ಕು ತಿಂಗಳು ಹಿಡಿಯಿತು.

ಶುರು ಮಾಡಿದಾಗ ಹುಬ್ಬಳ್ಳಿಯ ಗೆಳೆಯರೊಬ್ಬರು, "ಜಿಸಿ-ಎಂಎಸ್ ಇಲ್ದ ಸ್ಟೆರಾಲ್ ಕೆಲಸ ಹೆಂಗ ಮಾಡ್ತೀರಿ ಸರ? ಸುಮ್ನ ವ್ಯಾಳ್ಯಾ ಹಾಳು" ಅಂದಿದ್ದರು. ಜಿಸಿ-ಎಂಎಸ್ ಅಂದರೆ ವಸ್ತುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗುರುತಿಸುವ ಯಂತ್ರ. 1999ರಲ್ಲಿ ಬಂದ ಯುವಿ ವಿಧಾನ ಕ್ಯಾಂಡಿಡಾ ಎಂಬ ಯೀಸ್ಟಿಗೆ ಸರಿ, ಎಳೆ ಎಳೆಯಾಗಿ ಬೆಳೆಯುವ ಬೂಜಿಗೆ ಆಗೋದಿಲ್ಲ ಅನ್ನುವುದು ಅವರ ಮಾತು. ಆಗುತ್ತದೆ. ಆದರೆ ಕ್ಯಾಂಡಿಡಾಕ್ಕೆ ಬರೆದದ್ದನ್ನು ಹಾಗೇ ಮಾಡಿದರೆ ಆಗುವುದಿಲ್ಲ.

ಮೊದಲ ಪೆಟ್ಟು ತೂಕದ್ದು. ಶೇಕರಿನಲ್ಲಿ ಬೂಜು ಉಂಡೆ ಕಟ್ಟುತ್ತದೆ, ಉಂಡೆಯೊಳಗೆ ನೀರು ಉಳಿಯುತ್ತದೆ. ಒಂದೇ ಫ್ಲಾಸ್ಕಿನ ಎರಡು ಮಾದರಿಯಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಬರುತ್ತಿತ್ತು. ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿದೆ, ತೂಕ ಸರಿಹೋಯಿತು, ಶಿಖರಗಳು ಕುಗ್ಗಿದವು. ಈಗ ನಾನು ಒಣಗಿಸುವ ರೀತಿಯೇ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ರಾತ್ರಿ ಕರೆಂಟ್ ಹೋದರೆ ಶೇಕರ್ ನಿಂತು ಉಂಡೆಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆ ಆಗುತ್ತಿತ್ತು. ಹುಬ್ಬಳ್ಳಿಯಿಂದ ಹಳೇ ಯುಪಿಎಸ್ ತಂದೆ, ಒಂಬತ್ತು ಸಾವಿರ. ಮಾದರಿ ತುಂಬಿ ಯಂತ್ರದೊಳಗೆ ಇಡುವ ಕ್ವಾರ್ಟ್ಜ್ ಕುವೆಟ್ ಜೋಡಿಗೆ ಏಳು ಸಾವಿರದ ಮೇಲೆ. ಅದರಲ್ಲಿ ಒಂದು ಮೂರನೇ ವಾರಕ್ಕೇ ಸಿಂಕಿನಲ್ಲಿ ಒಡೆಯಿತು, ಮತ್ತೆ ತರಿಸಿದೆ. ಎಲ್ಲ ಸೇರಿ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಗಿದೆ.

ನನ್ನ ಎರಡು ತಿಂಗಳು ತಿಂದದ್ದು ಪ್ಲಾಸ್ಟಿಕ್ ಟ್ಯೂಬು. ಬೂಜಿನಿಂದ ಸ್ಟೆರಾಲ್ ತೆಗೆಯಲು ಪೊಟ್ಯಾಶ್ ಕ್ಷಾರ ಮತ್ತು ಆಲ್ಕೋಹಾಲ್ ಹಾಕಿ 85 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಹೆಕ್ಸೇನ್ ಹಾಕಿದರೆ ಪ್ಲಾಸ್ಟಿಕ್ಕಿನಲ್ಲಿ ಇರುವುದೂ ಹೊರಗೆ ಬರುತ್ತದೆ. ಬೂಜೇ ಹಾಕದ ಬ್ಲ್ಯಾಂಕಿನಲ್ಲೂ 275ರ ಬಳಿ ಉಬ್ಬು ಕಂಡಾಗ ವಿಷಯ ತಿಳಿಯಿತು. ಗಾಜಿನ ಟ್ಯೂಬು, ಟೆಫ್ಲಾನ್ ಹಾಳೆಯ ಮುಚ್ಚಳ. ಇದರಲ್ಲಿ ಮಾತ್ರ ಹಣ ಉಳಿಸಲು ಹೋಗಬೇಡಿ.

ಬೂಜಿನ ಔಷಧಿ ಇಟ್ರಕೋನಜೋಲ್ ಹಾಕಿದ ಫ್ಲಾಸ್ಕುಗಳದ್ದು ಇನ್ನೊಂದು ಕಥೆ. ಔಷಧಿಯೇ 260ರ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ. ಬೂಜನ್ನು ಮೂರು ಸಲವಾದರೂ ತೊಳೆಯದಿದ್ದರೆ ಗೆರೆ ಸುಳ್ಳು ಹೇಳುತ್ತದೆ. ಔಷಧಿ ಕರಗಿಸುವ ದ್ರಾವಕ ಡಿಎಂಎಸ್ಒ ಜಾಸ್ತಿಯಾದರೆ ಅದೇ ಬೂಜಿನ ಬೆಳವಣಿಗೆಯನ್ನು ತಗ್ಗಿಸುತ್ತದೆ, ಬರೀ ಡಿಎಂಎಸ್ಒ ಹಾಕಿದ ಫ್ಲಾಸ್ಕು ಪಕ್ಕದಲ್ಲಿ ಇರಲೇಬೇಕು. ಲೆಕ್ಕ ಹೀಗೆ: 281.5ರ ಓದನ್ನು 290ರಿಂದ, 230ರ ಓದನ್ನು 518ರಿಂದ ಭಾಗಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎರ್ಗೋಸ್ಟೆರಾಲ್ ಸಿಗುತ್ತದೆ. ಬೂಜಿನಲ್ಲಿ 230ರ ಓದು ಕೊಳಕಾಗಿರುತ್ತದೆ, ಸಿಕ್ಕಸಿಕ್ಕ ಕಸವೆಲ್ಲ ಅಲ್ಲೇ ಕಾಣುತ್ತದೆ. ಅದನ್ನು ಕಣ್ಣುಮುಚ್ಚಿ ಕಳೆದರೆ ಉತ್ತರ ಋಣಾತ್ಮಕ ಬರುತ್ತದೆ. ನನಗೆ ಎರಡು ಸಲ ಬಂದಿದೆ.

ನಡುವೆ ಒಂದು ವಾರ ಜೋಳದ ಕಡೆ ಹೊರಳಿದೆ. ಮುಂಗಾರಿ ಜೋಳ ತೆನೆಯಲ್ಲಿ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ, ಅದೂ ಬೂಜೇ. ಗದಗ ಕಡೆಯಿಂದ ತಂದ ಕಪ್ಪು ಕಾಳನ್ನೂ ಬಿಳಿ ಕಾಳನ್ನೂ ಒಂದೇ ರೀತಿ ಹಿಂಡಿ ನೋಡಿದೆ. ಕಪ್ಪಿನಲ್ಲಿ ಆರೇಳು ಪಟ್ಟು ಜಾಸ್ತಿ. ಕಾಳಿಗೆ ತನ್ನದೇ ಎರ್ಗೋಸ್ಟೆರಾಲ್ ಇಲ್ಲ, ಸಿಕ್ಕಿದ್ದೆಲ್ಲ ಬೂಜಿನ ಲೆಕ್ಕ. ಆ ಹೊತ್ತಿಗೆ ಫ್ಯೂಮಿಗೇಟಸ್ ಫ್ಲಾಸ್ಕು ಇನ್ನೂ ಹಾದಿಗೆ ಬಂದಿರಲಿಲ್ಲ. ಕೈ ಸರಿಯಿದೆ, ತಪ್ಪು ಬೇರೆಲ್ಲೋ ಇದೆ ಎಂದು ನನಗೆ ಧೈರ್ಯ ಬಂದದ್ದು ಆ ಜೋಳದಿಂದ.

ಕೊನೆಗೆ ಔಷಧಿಯ ಪ್ರಮಾಣ ಏರಿದಂತೆ ಎರ್ಗೋಸ್ಟೆರಾಲ್ ಇಳಿಯಿತು. ಫ್ಲಾಸ್ಕಿನಲ್ಲಿ ಬೂಜು ಉಳಿದಿದ್ದ ಅತಿ ಹೆಚ್ಚು ಪ್ರಮಾಣದಲ್ಲಿ ಮೂರನೇ ಒಂದಕ್ಕೆ ಬಂತು, ಮೂರು ಸಲ ಮಾಡಿದರೂ ಅದೇ. ಅದೇ ಟ್ಯೂಬುಗಳನ್ನು ಬೇರೆ ಊರಿಗೆ ಜಿಸಿ-ಎಂಎಸ್‌ಗೆ ಕಳಿಸಿದೆ. ಟ್ಯೂಬಿಗೆ ಎರಡೂವರೆ ಸಾವಿರ, ಮೂರು ಟ್ಯೂಬು. ಅಲ್ಲಿ ಎರ್ಗೋಸ್ಟೆರಾಲ್ ಇಳಿದಿತ್ತು, ಅದಕ್ಕೂ ಮೊದಲಿನ ಹಂತದ ಸ್ಟೆರಾಲ್ ಎಬುರಿಕಾಲ್ ಏರಿತ್ತು. ಎಬುರಿಕಾಲನ್ನು ಮುಂದಿನ ಹಂತಕ್ಕೆ ಒಯ್ಯುವ ಸಿವೈಪಿ51 ಕಿಣ್ವ ಔಷಧಿಯಿಂದ ಕಟ್ಟಿಕೊಂಡರೆ ಈ ಬೂಜಿನಲ್ಲಿ ಆಗಬೇಕಾದದ್ದೇ ಅದು. ವರದಿಯನ್ನು ಹುಬ್ಬಳ್ಳಿಯ ಗೆಳೆಯರ ಟೇಬಲ್ ಮೇಲೆ ಇಟ್ಟು ಬಂದೆ.

"ಹಂಗಾದ್ರ ನ್ಯೂಮೊಸಿಸ್ಟಿಸ್‌ಗೂ ಮಾಡ್ರಿ ಸರ" ಅಂತ ಅವರು ಫೋನ್ ಮಾಡಿದರು. ಅದು ನ್ಯುಮೋನಿಯಾ ತರುವ ಇನ್ನೊಂದು ಶಿಲೀಂಧ್ರ. ಅದಕ್ಕೆ ಎರ್ಗೋಸ್ಟೆರಾಲೇ ಇಲ್ಲ, ಪೊರೆಯಲ್ಲಿ ನಮ್ಮ ದೇಹದಿಂದ ಎತ್ತಿಕೊಂಡ ಕೊಲೆಸ್ಟೆರಾಲ್ ಇರುತ್ತದೆ. 282ರಲ್ಲಿ ಏನೂ ಕಾಣುವುದಿಲ್ಲ. ಎರ್ಗೋಸ್ಟೆರಾಲನ್ನೇ ಗುರಿ ಮಾಡುವ ಆಂಫೋಟೆರಿಸಿನ್, ಅಜೋಲ್ (ಇಟ್ರಕೋನಜೋಲ್ ಜಾತಿಯ) ಔಷಧಿಗಳು ಅದರ ಮೇಲೆ ನಡೆಯದಿರುವುದೂ ಇದೇ ಕಾರಣಕ್ಕೆ. ಅಲ್ಲಿ ಇಆರ್‌ಜಿ6 ಎಂಬ ಸ್ಟೆರಾಲ್ ಕಟ್ಟುವ ಕಿಣ್ವ ನೋಡಬೇಕು, ಮನುಷ್ಯರಲ್ಲಿ ಅದಿಲ್ಲ. ಆ ಕೆಲಸಕ್ಕೆ ನನ್ನ ಯುವಿ ಯಂತ್ರ ಸಾಲದು.

ಈಗ ಶೇಕರ್ ಮೇಲೆ ಇನ್ನೊಂದು ಬೂಜಿನ ಔಷಧಿ ಟರ್ಬಿನಾಫಿನ್ ಹಾಕಿದ ಫ್ಲಾಸ್ಕುಗಳಿವೆ. ಎರ್ಗೋಸ್ಟೆರಾಲ್ ಇಳಿಯುವುದು ಇಲ್ಲೇ ಕಾಣುತ್ತದೆ. ಸ್ಟೆರಾಲ್ ಆಗುವ ಮೊದಲಿನ ವಸ್ತು ಸ್ಕ್ವಾಲೀನ್ ಏರುವುದು 282ರಲ್ಲಿ ಕಾಣುವುದಿಲ್ಲ, ಅದಕ್ಕೆ ಮತ್ತೆ ಟ್ಯೂಬಿಗೆ ಎರಡೂವರೆ ಸಾವಿರ ಹೊಂದಿಸಬೇಕು.